ದಂಡಿನಲ್ಲೊಂದು ಹೊಸ ವ್ಯಾಕರಣ

ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಅರಿಯದ ಭಾಷೆಯನ್ನು ಕಲಿಯುವ ಪರಿಪಾಠ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊಸದೇನಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಪಾಳೆಯ ನೆಲೆಗೊಂಡ ಮೇಲೆ ಇಲ್ಲಿಗೆ ಬಂದ ಅಧಿಕಾರಿಗಳಿಗೂ ಪಾದ್ರಿಗಳಿಗೂ ಕನ್ನಡವೇ ಆ ಅರಿಯದ ಭಾಷೆ. ವಿಲಿಯಂ ರೀವ್ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಪರದೇಶಿಗಳು ನಮ್ಮ ನುಡಿಯನ್ನು ಕಲಿತದ್ದು ಇಂಥ ಪುಸ್ತಕಗಳ ಬಲದಿಂದ.

ಕಾಲಾನಂತರ ಪಾತ್ರಗಳು ಅದಲುಬದಲಾದವು. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದಾಗಿ ಕೃಷ್ಣರಾಜಪುರದ ಬಳಿ ದೂರವಾಣಿನಗರವೇ ತಲೆಯೆತ್ತಿತು. 1985ರಲ್ಲಿ ಮಿಲ್ಲರ್ಸ್ ರಸ್ತೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. ಈಗ ಯಂತ್ರದ ಭಾಷೆಯನ್ನು ಕಲಿಯಲು ಪುಸ್ತಕ ಬಿಡಿಸುವ ಸರದಿ ನಮ್ಮದಾಯಿತು. ಹಲಸೂರಿನ ನನ್ನ ಮನೆಯ ಮೇಜಿನ ಮೇಲೂ ಜಾಲಪುಟ ರಚನೆಯ ದಪ್ಪನೆಯ ಪರಾಮರ್ಶನ ಗ್ರಂಥವೊಂದಿದೆ. ಅದನ್ನು ಓದುತ್ತ ಹೋದಂತೆ, ಇದು ಯಂತ್ರಶಾಸ್ತ್ರಕ್ಕಿಂತ ವ್ಯಾಕರಣಕ್ಕೇ ಹತ್ತಿರವಾದುದೆಂದು ನನಗನ್ನಿಸಿತು.

ಜಾಲಪುಟದ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಅದನ್ನು ವಿವರಿಸಿದಾಗ ಅದರಲ್ಲಿದ್ದದ್ದು ಹದಿನೆಂಟು ಗುರುತುಗಳು ಮಾತ್ರ. ಇಂದು ಅವು ನೂರನ್ನು ಮೀರಿವೆ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಪ್ರತಿಯೊಂದರ ಸ್ವರೂಪವನ್ನು ಹೇಳುವುದೇ ಈ ಗುರುತುಗಳ ಕೆಲಸ. ಬಣ್ಣ, ಗಾತ್ರ, ಅಂತರಗಳ ಅಲಂಕಾರಕ್ಕೆ 1996ರಲ್ಲಿ ಸಿಎಸ್‌ಎಸ್ ಎಂಬ ಬೇರೆಯ ಶಾಸ್ತ್ರವೇ ರೂಪುಗೊಂಡಿತು. 2014ರ ಅಕ್ಟೋಬರಿನಲ್ಲಿ ಪ್ರಮಾಣೀಕೃತವಾದ ಐದನೆಯ ಆವೃತ್ತಿಯಂತೂ ಅಕ್ಷರದ ಅಂದವನ್ನು ನಿರ್ಧರಿಸುತ್ತಿದ್ದ 'ಫಾಂಟ್' ಎಂಬ ಗುರುತನ್ನು ಬಳಕೆಯಿಂದ ಹೊರಗಿಟ್ಟಿತು. ಅರ್ಥ ಒಂದೆಡೆ, ಅಲಂಕಾರ ಇನ್ನೊಂದೆಡೆ ಎಂಬುದೇ ಆಧುನಿಕ ಜಾಲಪುಟದ ಮೂಲಸೂತ್ರ.

ಈ ಸೂತ್ರದ ಬೆಲೆ ಏನೆಂಬುದನ್ನು ಕನ್ನಡದ ಉದಾಹರಣೆಯೇ ಚೆನ್ನಾಗಿ ತೋರಿಸುತ್ತದೆ. 1990ರ ದಶಕದ ಅನೇಕ ಕನ್ನಡ ಪುಟಗಳಲ್ಲಿ ರೋಮನ್ ಅಕ್ಷರಗಳಿಗೇ ಕನ್ನಡದ ವೇಷ ತೊಡಿಸಲಾಗಿತ್ತು. ಆ ವೇಷದ ಅಚ್ಚು ಓದುಗನ ಗಣಕದಲ್ಲಿಲ್ಲದಿದ್ದರೆ ಕವಿತೆಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಯುನಿಕೋಡ್ ವ್ಯವಸ್ಥೆ 1991ರಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿದ್ದರೂ ಅದು ಸಾಮಾನ್ಯರ ಗಣಕಗಳಿಗೆ ಇಳಿಯಲು ಹಲವು ವರ್ಷಗಳೇ ಬೇಕಾದವು. ಯುನಿಕೋಡಿನಲ್ಲಿ 'ಸ್ತ್ರೀ' ಎಂಬ ಒಂದಕ್ಷರ ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಕೊನೆಗೆ ಈಕಾರದ ಚಿಹ್ನೆ. ಇದು ಪಂಡಿತರು ಹೇಳಿಕೊಡುತ್ತಿದ್ದ ಅಕ್ಷರವಿಭಜನೆಯೇ ಅಲ್ಲವೇ? ಪುಟದ ತಲೆಯಲ್ಲಿ ಭಾಷೆ ಕನ್ನಡವೆಂದು ಒಂದು ಮಾತು ನಮೂದಿಸಿದರೆ, ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶವೂ ಕನ್ನಡದ ಉಚ್ಚಾರಣೆಯನ್ನೇ ಆರಿಸಿಕೊಳ್ಳಬಲ್ಲದು.

ಇಷ್ಟಕ್ಕೆ ಪುಸ್ತಕವೇ ಏಕೆ ಬೇಕೆಂದು ತರುಣರು ಕೇಳುವುದುಂಟು. ಬೇಕಾದ ತುಣುಕನ್ನು ಎಲ್ಲಿಂದಲಾದರೂ ಎತ್ತಿ ಅಂಟಿಸಬಹುದು, ನಿಜ. ಆದರೆ ಪರಾಮರ್ಶನ ಗ್ರಂಥದಲ್ಲಿ ಒಂದು ಗುರುತನ್ನು ಹುಡುಕಹೋದವನಿಗೆ ಅದರ ನೆರೆಹೊರೆಯೂ ಪರಿಚಯವಾಗುತ್ತದೆ. ಯಾವುದು ಯಾವುದರೊಳಗೆ ಸಲ್ಲುತ್ತದೆ, ಯಾವುದು ಬಳಕೆ ತಪ್ಪಿದೆ, ಏಕೆ ತಪ್ಪಿದೆ ಎಂಬ ವಿವೇಕ ಮೂಡುತ್ತದೆ. ಗುರುತುಗಳ ಪಟ್ಟಿ ಕೆಲವೇ ವರ್ಷಗಳಲ್ಲಿ ಹಳತಾದೀತು. ಈ ವಿವೇಕ ಹಳತಾಗದು.

ಓಲೆಗರಿಯಿಂದ ಅಚ್ಚಿಗೆ ಬರುವಾಗ ನಮ್ಮ ಕಾವ್ಯಗಳು ಉಳಿದದ್ದು ಲಿಪಿಯನ್ನೂ ವ್ಯಾಕರಣವನ್ನೂ ಬಲ್ಲವರ ಶ್ರಮದಿಂದ. ಇಂದು ತೆರೆಯ ಮೇಲೆ ಬರೆಯುವ ಕನ್ನಡವನ್ನು ಮುಂದಿನವರು ಓದಬಲ್ಲರೇ ಎಂಬುದು ಅದನ್ನು ಸೊಗಸಾಗಿ ಕಾಣಿಸಿದವರಿಗಿಂತ ಸರಿಯಾಗಿ ಗುರುತಿಸಿ ಇಟ್ಟವರನ್ನೇ ಹೆಚ್ಚಾಗಿ ಅವಲಂಬಿಸಿದೆ.