ಯುದ್ಧಕೈದಿ ಯಾರು, ಅವನ ಹಕ್ಕೇನು?

ವಕ್ಕಂ ಖಾದರ್ ಪ್ರಕರಣ

ತಿರುವನಂತಪುರ ಸಮೀಪದ ವಕ್ಕಂ ಊರಿನ ಅಬ್ದುಲ್ ಖಾದರ್ ದುಡಿಮೆಗೆಂದು ಮಲಯಾಕ್ಕೆ ಹೋದವರು. ಅಲ್ಲಿ ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್ ಸೇರಿ, ಪೆನಾಂಗ್‌ನಲ್ಲಿ ತರಬೇತಿ ಪಡೆದು, 1942ರಲ್ಲಿ ಜಪಾನಿ ಜಲಾಂತರ್ಗಾಮಿಯಲ್ಲಿ ಬಂದು ಮಲಬಾರಿನ ತಾನೂರಿನಲ್ಲಿ ಗುಟ್ಟಾಗಿ ದಡ ಸೇರಿದರು. ಸೆರೆಸಿಕ್ಕ ಅವರನ್ನು ಬ್ರಿಟಿಷ್ ಸರ್ಕಾರ ಯುದ್ಧಕೈದಿಯೆಂದು ಪರಿಗಣಿಸಲಿಲ್ಲ. ಶತ್ರು ಏಜೆಂಟರ ಸುಗ್ರೀವಾಜ್ಞೆಯಡಿ ವಿಚಾರಣೆ ನಡೆಸಿ, 1943ರ ಸೆಪ್ಟೆಂಬರ್ 10ರಂದು ಮದ್ರಾಸಿನಲ್ಲಿ ಗಲ್ಲಿಗೇರಿಸಿತು.

ಗೂಢಚಾರನಿಗೆ ಯುದ್ಧಕೈದಿಯ ರಕ್ಷಣೆಯಿಲ್ಲ ಎಂಬ ನಿಯಮ ಆಗಲೂ ಇತ್ತು, ಈಗಲೂ ಇದೆ. ಆದರೆ ಒಬ್ಬ ಯೋಧನೋ ಗೂಢಚಾರನೋ ಎಂದು ತೀರ್ಮಾನಿಸುವವರು ಯಾರು? ಖಾದರ್ ವಿಷಯದಲ್ಲಿ ಅವರನ್ನು ಹಿಡಿದ ಸರ್ಕಾರವೇ ತೀರ್ಮಾನಿಸಿತು. 1945ರಲ್ಲಿ ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ಮೇಲೆ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ವಿಚಾರಣೆಯಲ್ಲಿ ಅವರ ವಕೀಲ ಭೂಲಾಭಾಯಿ ದೇಸಾಯಿ, ಸ್ವಾತಂತ್ರ್ಯಕ್ಕಾಗಿ ಹೋರಾಡುವ ಸೇನೆಗೂ ಯುದ್ಧ ಹೂಡುವ ಹಕ್ಕಿದೆ, ಅದರ ಸೈನಿಕರು ಅಪರಾಧಿಗಳಲ್ಲ ಎಂದು ವಾದಿಸಿದರು. ಆ ಮೂವರು ಅಧಿಕಾರಿಗಳ ಶಿಕ್ಷೆ 1946ರ ಜನವರಿಯಲ್ಲಿ ಮನ್ನಾ ಆಯಿತು. ಖಾದರ್ ಪಾಲಿಗೆ ಆ ವಾದ ತಡವಾಗಿ ಬಂತು.

1949ರ ಒಪ್ಪಂದ

ಮೂರನೆಯ ಜಿನೀವಾ ಒಪ್ಪಂದದ 5ನೇ ವಿಧಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಕೈದಿಯ ಸ್ಥಾನದ ಬಗ್ಗೆ ಅನುಮಾನ ಬಂದರೆ ಅರ್ಹ ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಅವನಿಗೆ ಯುದ್ಧಕೈದಿಯ ರಕ್ಷಣೆ ಸಿಗಬೇಕು. ಹೆಸರು, ಹುದ್ದೆ, ಜನ್ಮದಿನ, ಸೇನಾ ಸಂಖ್ಯೆ ಇಷ್ಟನ್ನು ಬಿಟ್ಟು ಬೇರೇನನ್ನೂ ಅವನು ಹೇಳಬೇಕಿಲ್ಲ. ಕದನ ಮುಗಿದ ಮೇಲೆ ತಡಮಾಡದೆ ಬಿಡುಗಡೆ ಮಾಡಬೇಕು. 1971ರ ಯುದ್ಧದಲ್ಲಿ ಭಾರತದ ವಶವಾದ ಸುಮಾರು 93,000 ಪಾಕಿಸ್ತಾನಿಯರ ವಾಪಸಾತಿ ಮಾತ್ರ ಮುಗಿದದ್ದು 1974ರಲ್ಲಿ.

ಕೊಡಗಿನ ಕಾರ್ಯಪ್ಪ

ಪಾಕಿಸ್ತಾನದೊಡನೆ ನಡೆದ 1965ರ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನ ಉರುಳಿ, ಅವರು ಪಾಕಿಸ್ತಾನದ ಸೆರೆಯಾದರು. ತಂದೆ ಜನರಲ್ ಕೆ.ಎಂ. ಕಾರ್ಯಪ್ಪ ಅಲ್ಲಿನ ಅಧ್ಯಕ್ಷ ಅಯೂಬ್ ಖಾನರಿಗೆ ಹಳೆಯ ಪರಿಚಯ. ಮಗನನ್ನು ಬಿಡುತ್ತೇವೆಂದು ಅಯೂಬ್ ಹೇಳಿಕಳಿಸಿದರೂ, ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ ಎಂದು ತಂದೆ ಒಪ್ಪಲಿಲ್ಲ. ಮಗ ಊರಿಗೆ ಮರಳಿದ್ದು 1966ರಲ್ಲಿ. ಕೈದಿಗಳಲ್ಲಿ ಭೇದ ಕೂಡದೆಂಬ ಒಪ್ಪಂದದ ಮಾತನ್ನು ಇಷ್ಟು ನೇರವಾಗಿ ನಡೆಸಿದವರು ವಿರಳ.

ಭಾರತದ ಕಾನೂನು

ನಮ್ಮ ಸಂಸತ್ತು 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ ಮಾಡಿತು. ವಿಚಾರಣೆಗೆ ಗುರಿಯಾದ ಯುದ್ಧಕೈದಿಗೆ ವಕೀಲರ ನೆರವಿನ ಏರ್ಪಾಡು ಅದರಲ್ಲಿದೆ. ಆದರೆ 1969ರಲ್ಲಿ, ಗೋವಾದ ಪಾದ್ರಿಯೊಬ್ಬರು ನಾಗರಿಕರ ಕುರಿತ ನಾಲ್ಕನೆಯ ಜಿನೀವಾ ಒಪ್ಪಂದದ ರಕ್ಷಣೆ ಕೋರಿದಾಗ, ಒಪ್ಪಂದಗಳನ್ನು ಜಾರಿಗೊಳಿಸಿರೆಂದು ವ್ಯಕ್ತಿಯೊಬ್ಬ ಕೋರ್ಟಿಗೆ ಬರುವ ಹಕ್ಕನ್ನು ಈ ಕಾಯ್ದೆ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಹಕ್ಕು ಕೈದಿಯದು, ಕೇಳುವ ಅಧಿಕಾರ ಮಾತ್ರ ಸರ್ಕಾರಗಳದು ಎಂಬಂತಾಗಿದೆ. ಇದು ಸರಿಯಲ್ಲ. ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದು, ಕೈದಿಯೂ ಅವನ ಮನೆಯವರೂ ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟಲು ಅವಕಾಶ ಕೊಡಬೇಕು.