ಡಿಎನ್‌ಎ: ಎಳೆಗಳೆರಡು, ದಿಕ್ಕುಗಳೂ ಎರಡು

ಜೀವಕೋಶದ ಆನುವಂಶಿಕ ಮಾಹಿತಿಯನ್ನು ಹೊತ್ತಿರುವ ಡಿಎನ್‌ಎ ಅಣುವನ್ನು ಸಾಮಾನ್ಯವಾಗಿ ತಿರುಚಿದ ಏಣಿಗೆ ಹೋಲಿಸಲಾಗುತ್ತದೆ. ಹೋಲಿಕೆ ತಪ್ಪಲ್ಲ, ಆದರೆ ಅಪೂರ್ಣ. ಈ ಏಣಿಯ ಎರಡು ಕಂಬಗಳ ಪೈಕಿ ಒಂದು ಮೇಲ್ಮುಖವಾಗಿದ್ದರೆ ಇನ್ನೊಂದು ಕೆಳಮುಖವಾಗಿದೆ.

ಎಳೆಗೆ ದಿಕ್ಕು ಬರುವುದು ಅದರ ಬೆನ್ನೆಲುಬಿನಲ್ಲಿರುವ ಡಿಆಕ್ಸಿರೈಬೋಸ್ ಎಂಬ ಸಕ್ಕರೆಯಿಂದ. ಅದರ ಐದು ಇಂಗಾಲದ ಪರಮಾಣುಗಳಿಗೆ ಕ್ರಮಸಂಖ್ಯೆ ನೀಡಲಾಗಿದೆ. ಒಂದು ಸಕ್ಕರೆಯ 3ನೇ ಇಂಗಾಲವು ಮುಂದಿನ ಸಕ್ಕರೆಯ 5ನೇ ಇಂಗಾಲದೊಡನೆ ಫಾಸ್ಫೇಟ್ ಮೂಲಕ ಬೆಸೆದುಕೊಳ್ಳುತ್ತದೆ. ಆದ್ದರಿಂದ ಎಳೆಯ ಒಂದು ಕೊನೆ '5', ಇನ್ನೊಂದು ಕೊನೆ '3'.

ಎರಡು ಎಳೆಗಳೂ ಒಂದೇ ದಿಕ್ಕಿಗೆ ಏಕೆ ಸಾಗುವುದಿಲ್ಲ? ಉತ್ತರವಿರುವುದು ಏಣಿಯ ಮೆಟ್ಟಿಲುಗಳಲ್ಲಿ. ಅಡೆನಿನ್ ಥೈಮಿನ್‌ನೊಡನೆ, ಗ್ವಾನಿನ್ ಸೈಟೋಸಿನ್‌ನೊಡನೆ ಹೈಡ್ರೋಜನ್ ಬಂಧದಿಂದ ಕೂಡಿದಾಗ, ಜೋಡಿಯ ಎರಡು ಬದಿಯ ಸಕ್ಕರೆಗಳು ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಮುಖ ಮಾಡಿ ನಿಲ್ಲುತ್ತವೆ. ಪ್ರಯೋಗಾಲಯದಲ್ಲಿ ಏಕಮುಖ ಎಳೆಗಳ ಡಿಎನ್‌ಎ ತಯಾರಿಸಿದ್ದುಂಟು. ಆದರೆ ಅದರಲ್ಲಿ ಜೋಡಿಗಳು ಬೇರೆ ರೀತಿಯಲ್ಲಿ ಕೂಡಬೇಕಾಗುತ್ತದೆ, ದೃಢತೆಯೂ ಕಡಿಮೆ.

ಈ ಸಂಗತಿ ಬೆಳಕಿಗೆ ಬಂದ ಬಗೆ ಸ್ವಾರಸ್ಯಕರ, ಸ್ವಲ್ಪ ವಿವಾದಾಸ್ಪದವೂ ಹೌದು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಕ್ಷ-ಕಿರಣಗಳ ನೆರವಿನಿಂದ ಡಿಎನ್‌ಎ ಹರಳಿನ ರಚನೆಯನ್ನು ಅಳೆದಿದ್ದರು. 1952ರ ಕೊನೆಯ ಆಂತರಿಕ ವರದಿಯೊಂದರಲ್ಲಿದ್ದ ಆ ವಿವರ, ಮ್ಯಾಕ್ಸ್ ಪೆರುಟ್ಜ್ ಮೂಲಕ 1953ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಕ್ರಿಕ್ ಅವರ ಕೈಸೇರಿತು. ಹರಳನ್ನು ತಲೆಕೆಳಗಾಗಿಸಿದರೂ ಅದರ ರೂಪ ಬದಲಾಗದು ಎಂಬುದು ಆ ಅಳತೆಯ ತಾತ್ಪರ್ಯ. ಕುದುರೆಯ ಹಿಮೋಗ್ಲೋಬಿನ್‌ನಲ್ಲಿ ಇಂಥದೇ ಸಮ್ಮಿತಿಯನ್ನು ಕಂಡಿದ್ದ ಕ್ರಿಕ್‌ಗೆ ಅರ್ಥ ತಕ್ಷಣ ಹೊಳೆಯಿತು: ಎಳೆಗಳು ಪರಸ್ಪರ ವಿರುದ್ಧವಾಗಿದ್ದರೆ ಮಾತ್ರ ಇದು ಸಾಧ್ಯ. ವರದಿಗೆ ಗೋಪ್ಯತೆಯ ಮುದ್ರೆ ಇರಲಿಲ್ಲವೆಂದು ಪೆರುಟ್ಜ್ ಮುಂದೆ ಸಮರ್ಥಿಸಿಕೊಂಡರು. ಫ್ರಾಂಕ್ಲಿನ್ ಅವರನ್ನಂತೂ ಯಾರೂ ಕೇಳಿರಲಿಲ್ಲ. 1953ರ ಏಪ್ರಿಲ್ 25ರ 'ನೇಚರ್' ಸಂಚಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಲೇಖನ ಪ್ರಕಟವಾಯಿತು. ಫ್ರಾಂಕ್ಲಿನ್ 1958ರಲ್ಲಿ ತಮ್ಮ 37ನೇ ವಯಸ್ಸಿನಲ್ಲಿ ನಿಧನರಾದರು. ನಾಲ್ಕು ವರ್ಷಗಳ ಬಳಿಕ ಬಂದ ನೊಬೆಲ್ ಪ್ರಶಸ್ತಿ ವಾಟ್ಸನ್, ಕ್ರಿಕ್ ಹಾಗೂ ಮಾರಿಸ್ ವಿಲ್ಕಿನ್ಸ್ ಅವರ ಪಾಲಾಯಿತು. ಎಳೆಗಳ ವಿರುದ್ಧ ದಿಕ್ಕಿಗೆ ರಾಸಾಯನಿಕ ಪುರಾವೆ ಒದಗಿಸಿದ್ದು 1961ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಅವರ ತಂಡ.

ಈ ರಚನೆ ಕೋಶಕ್ಕೊಂದು ತೊಡಕನ್ನೂ ತಂದಿದೆ. ನಕಲು ಮಾಡುವ ಪಾಲಿಮರೇಸ್ ಕಿಣ್ವ ಹೊಸ ಘಟಕವನ್ನು '3' ಕೊನೆಗೆ ಮಾತ್ರ ಸೇರಿಸಬಲ್ಲದು. ಬೆಸುಗೆಗೆ ಬೇಕಾದ ಶಕ್ತಿಯನ್ನು ಪ್ರತಿ ಘಟಕವೂ ತಾನೇ ಹೊತ್ತು ತರುವುದರಿಂದ, ತಪ್ಪಾಗಿ ಸೇರಿದ್ದನ್ನು ಕತ್ತರಿಸಿ ಹಾಕಿದರೂ ಕೆಲಸ ನಿಲ್ಲದು. ಎದುರು ದಿಕ್ಕಿನಲ್ಲಿ ಬೆಳೆಯುವುದಾಗಿದ್ದರೆ ಶಕ್ತಿ ಎಳೆಯ ತುದಿಯಲ್ಲಿರಬೇಕಿತ್ತು. ಒಂದು ತಪ್ಪನ್ನು ತಿದ್ದುವಷ್ಟರಲ್ಲಿ ಅದೇ ಕಳೆದುಹೋಗುತ್ತಿತ್ತು.

ಪರಿಣಾಮವಾಗಿ ಒಂದು ಎಳೆಯ ನಕಲು ಅಖಂಡವಾಗಿ ಸಾಗಿದರೆ, ಇನ್ನೊಂದರದು ತುಂಡು ತುಂಡಾಗಿ ಹಿಮ್ಮುಖವಾಗಿ ನಡೆಯುತ್ತದೆ. ಜಪಾನಿನ ರೆಯ್ಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿ 1960ರ ದಶಕದಲ್ಲಿ ಪತ್ತೆ ಮಾಡಿದ ಈ ತುಂಡುಗಳಿಗೆ ಅವರದೇ ಹೆಸರಿದೆ. ಬ್ಯಾಕ್ಟೀರಿಯಾಗಳಲ್ಲಿ ಇವು 1,000ದಿಂದ 2,000 ಘಟಕಗಳಷ್ಟು, ಮನುಷ್ಯನಲ್ಲಿ 100ರಿಂದ 200ರಷ್ಟು ಉದ್ದ. ಲೈಗೇಸ್ ಎಂಬ ಕಿಣ್ವ ಅವನ್ನು ಬೆಸೆಯುತ್ತದೆ. ಆದರೂ ವರ್ಣತಂತುವಿನ ಕಟ್ಟಕಡೆಯಲ್ಲಿ ಒಂದಿಷ್ಟು ಭಾಗ ನಕಲಾಗದೆ ಉಳಿಯುವುದರಿಂದ, ದೇಹದ ಬಹುತೇಕ ಕೋಶಗಳಲ್ಲಿ ಪ್ರತಿ ವಿಭಜನೆಯ ನಂತರವೂ ಅದರ ತುದಿ ತುಸು ಮೊಟಕಾಗುತ್ತದೆ.