ಉಪವಾಸವಲ್ಲದ ನಿರಾಹಾರ

ಆಚಾರ್ಯ ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗುಲಿದ ಐತಿಹ್ಯವನ್ನು ಕನ್ನಡನಾಡಿನ ಜೈನರು ದೇವಚಂದ್ರನ ‘ರಾಜಾವಳೀಕಥೆ’ಯ ಮೂಲಕ ಬಲ್ಲರು. ಎಷ್ಟು ಉಂಡರೂ ಹಸಿವು ಹಿಂಗದ ಆ ರೋಗದಿಂದ ಬಳಲಿದ ಮುನಿಗಳು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬದಿಗಿರಿಸಿ, ಆಹಾರದಿಂದ ವ್ಯಾಧಿಯನ್ನು ಶಮನಗೊಳಿಸಿಕೊಂಡು, ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ಇದರ ಐತಿಹಾಸಿಕತೆ ಹೇಗೇ ಇರಲಿ, ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಸಲ್ಲೇಖನಕ್ಕೆ ಕಾರಣವಾಗಿ ಹೇಳುವ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೆಲ್ಲವೂ ಪ್ರತೀಕಾರವಿಲ್ಲದವು ಆಗಿರಬೇಕೆಂಬ ನಿಯಮಕ್ಕೆ ಈ ಕಥೆ ಚೆನ್ನಾಗಿ ಹೊಂದುತ್ತದೆ. ಪ್ರತೀಕಾರ ಸಾಧ್ಯವಿರುವ ರೋಗಕ್ಕೆ ಚಿಕಿತ್ಸೆಯೇ ಮೊದಲು.

ಇದಕ್ಕೆ ವಿಪರೀತವಾದ ಇನ್ನೊಂದು ರೋಗವುಂಟು. ಅದರಲ್ಲಿ ಮನುಷ್ಯನು ಆಹಾರಕ್ಕೂ ತೂಕ ಹೆಚ್ಚುವುದಕ್ಕೂ ಅಂಜಿ, ವರ್ಷಗಟ್ಟಲೆ ಉಣ್ಣದೆ ಕೃಶನಾಗುತ್ತಾನೆ. ಅನೊರೆಕ್ಸಿಯಾ ನರ್ವೋಸಾ ಎಂಬ ಅದರ ಹೆಸರಿಗೆ ಹಸಿವಿಲ್ಲದಿರುವಿಕೆ ಎಂದು ಅರ್ಥ ಬರುತ್ತದೆ, ಹೆಸರು ಸರಿಯಲ್ಲ. ಹಲವು ರೋಗಿಗಳಿಗೆ ಹಸಿವಿರುತ್ತದೆ, ಉಣ್ಣಲು ಧೈರ್ಯವಿರುವುದಿಲ್ಲ. ತಪಸ್ಸಿನ ಮನೆತನಗಳಲ್ಲಿ ಇದು ವ್ರತದ ಮರೆಯಲ್ಲಿ ಅಡಗಿಕೊಳ್ಳಬಲ್ಲುದಾದ್ದರಿಂದ ಅದರ ಚಿಕಿತ್ಸೆಯ ಚರಿತ್ರೆಯನ್ನು ಶ್ರಾವಕರು ಅರಿಯುವುದು ಉಚಿತ.

ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯರೋಗದ ಮೇಲೆ ಬರೆದ ಗ್ರಂಥದಲ್ಲಿ, ಜ್ವರವೂ ಕೆಮ್ಮೂ ಇಲ್ಲದೆ ಸೊರಗುತ್ತಿದ್ದ ಇಬ್ಬರನ್ನು ವರ್ಣಿಸಿದನು. ಒಬ್ಬಳು ಹದಿನೆಂಟರ ಯುವತಿ. ಔಷಧಿಗಳಿಗೆ ಬೇಸತ್ತು ಅವನ್ನು ಬಿಟ್ಟಳು, ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಇನ್ನೊಬ್ಬನು ಹದಿನಾರರ ಹುಡುಗ. ಓದನ್ನು ಬಿಟ್ಟು ಹಳ್ಳಿಯ ಗಾಳಿ, ಕುದುರೆ ಸವಾರಿ, ಹಾಲಿನ ಆಹಾರಗಳನ್ನು ಅವಲಂಬಿಸಿ ಬಹುಮಟ್ಟಿಗೆ ಚೇತರಿಸಿಕೊಂಡನು. ಇದು ಹೆಣ್ಣುಮಕ್ಕಳ ರೋಗವೆಂಬ ಮಾತು ಅಂದೇ ಸುಳ್ಳಾಗಿತ್ತೆನ್ನಬೇಕು.

1873ರಲ್ಲಿ ಪ್ಯಾರಿಸಿನ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಪ್ರತ್ಯೇಕವಾಗಿ ಈ ರೋಗವನ್ನು ನಿರೂಪಿಸಿದರು. ಮನೆಯವರು ಒಮ್ಮೆ ಬೇಡಿಕೊಳ್ಳುತ್ತಾರೆ, ಒಮ್ಮೆ ಗದರಿಸುತ್ತಾರೆ, ಎರಡೂ ಫಲಿಸುವುದಿಲ್ಲವೆಂದು ಲಾಸೆಗ್ ಕಂಡನು. ಗಲ್ ಒಂದು ಹೆಜ್ಜೆ ಮುಂದೆ ಹೋಗಿ, ಶುಶ್ರೂಷೆಗೆ ಬಂಧುಗಳು ಯೋಗ್ಯರಲ್ಲವೆಂದನು. 1880ರ ದಶಕದಲ್ಲಿ ಶಾರ್ಕೋ ರೋಗಿಯನ್ನು ತಾಯಿತಂದೆಯರಿಂದ ಅಗಲಿಸುವುದನ್ನೇ ಚಿಕಿತ್ಸೆಯ ಮೂಲವಾಗಿಸಿದನು. 1914ರಲ್ಲಿ ಸಿಮ್ಮಂಡ್ಸ್ ಎಂಬ ವೈದ್ಯನು ಪಿಟ್ಯುಟರಿ ಗ್ರಂಥಿಯ ನಾಶದಿಂದಾದ ಕೃಶತೆಯನ್ನು ವರ್ಣಿಸಿದ ಮೇಲೆ, ಎಷ್ಟೋ ರೋಗಿಗಳಿಗೆ ಬಹುಕಾಲ ಗ್ರಂಥಿಸಾರವನ್ನು ವ್ಯರ್ಥವಾಗಿ ಕೊಡಲಾಯಿತು.

ಈ ಚರಿತ್ರೆಯಲ್ಲಿ ಅಹಿಂಸಾವಾದಿಗಳ ಪಾತ್ರವೊಂದಿದೆ. ಅದು ಇಲ್ಲಿ ಅಷ್ಟಾಗಿ ತಿಳಿದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ ಸೇನೆಯನ್ನು ನಿರಾಕರಿಸಿದ ಅಮೆರಿಕದ 36 ಯುವಕರು, 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗಕ್ಕೆ ತಮ್ಮ ದೇಹವನ್ನು ಒಪ್ಪಿಸಿದರು. ಯುದ್ಧಪೀಡಿತ ದೇಶಗಳ ಹಸಿದವರನ್ನು ಮತ್ತೆ ಪೋಷಿಸುವ ಬಗೆ ತಿಳಿಯಲೆಂದು 24 ವಾರಗಳ ಕಾಲ ಅವರಿಗೆ ಅರೆಹೊಟ್ಟೆಯ ಆಹಾರ ನೀಡಲಾಯಿತು. ಆರೋಗ್ಯವಂತರಾಗಿದ್ದ ಆ ಯುವಕರು ಮಂಕಾದರು, ಸಿಡುಕಿದರು, ಗೆಳೆಯರಿಂದ ದೂರ ಸರಿದರು; ಹಗಲಿರುಳು ಅನ್ನದ ಚಿಂತೆಯಲ್ಲೇ ಮುಳುಗಿದರು. ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಹಾಕಿದವರೂ ಇದ್ದರು. ಮತ್ತೆ ಉಣ್ಣತೊಡಗಿದ ಮೇಲೂ ಮನಸ್ಸು ಕೂಡಲೇ ಮೊದಲಿನಂತಾಗಲಿಲ್ಲ. ಅನೊರೆಕ್ಸಿಯಾ ರೋಗಿಯ ಹಟ, ಮೌನ, ಒಂಟಿತನಗಳಲ್ಲಿ ಹೆಚ್ಚಿನ ಪಾಲು ಸ್ವಭಾವದ ದೋಷವಲ್ಲ, ಉಪವಾಸದಿಂದ ಕಂಗೆಟ್ಟ ಶರೀರದ ಪರಿಣಾಮ ಎಂಬುದು ಮುಂದಿನ ವೈದ್ಯರಿಗೆ ಇದರಿಂದ ಸ್ಪಷ್ಟವಾಯಿತು. ಮಗಳನ್ನು ‘ಹಟಮಾರಿ’ ಎಂದು ಜರೆಯುವ ಮನೆಗಳಲ್ಲಿ ಈ ಸಂಗತಿಯನ್ನು ಓದಿ ಹೇಳಬೇಕಾಗಿದೆ.

1987ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ರಸೆಲ್ ಮತ್ತು ಸಂಗಡಿಗರು ಗಲ್‌ನ ಮಾತನ್ನು ತಿರುವುಮುರುವಾಗಿಸಿದರು. ಎಳೆಯ ವಯಸ್ಸಿನಲ್ಲಿ ಆರಂಭವಾಗಿ ಮೂರು ವರ್ಷ ಮೀರದ ರೋಗಕ್ಕೆ ಕುಟುಂಬವನ್ನು ಜೊತೆಗೂಡಿಸಿಕೊಂಡ ಚಿಕಿತ್ಸೆಯೇ ಮೇಲೆಂದು ಅವರ ಅಧ್ಯಯನ ತೋರಿಸಿತು. ಬಂಧುಗಳು ಮತ್ತೆ ಶುಶ್ರೂಷಕರಾದರು. ಆದರೆ ಹತ್ತು, ಹದಿನೈದು ವರ್ಷ ರೋಗದೊಡನೆಯೇ ಬಾಳಿದವರ ಗತಿಯೇನು? ಪದೇ ಪದೇ ಆಸ್ಪತ್ರೆಗೆ ಸೇರಿ, ತೂಕ ಹೆಚ್ಚಿಸಿಕೊಂಡು, ಮನೆಗೆ ಮರಳಿ, ಮತ್ತೆ ಸೊರಗಿದವರು ವೈದ್ಯರ ಮೇಲಿನ ಭರವಸೆಯನ್ನೇ ಕಳೆದುಕೊಂಡಿದ್ದರು.

ಇವರಿಗಾಗಿಯೇ ಲಂಡನ್ ಮತ್ತು ಸಿಡ್ನಿಗಳಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕನಿಷ್ಠ ಏಳು ವರ್ಷ ರೋಗ ಅನುಭವಿಸಿದ 63 ಜನರಿಗೆ ಎರಡು ಬಗೆಯ ಮಾತಿನ ಚಿಕಿತ್ಸೆ ನೀಡಲಾಯಿತು. ತೂಕದ ಏರಿಕೆಯನ್ನು ಪ್ರಧಾನ ಗುರಿಯಾಗಿಸದೆ, ಬಾಳಿನ ಗುಣಮಟ್ಟವನ್ನು ಮುಂದಿಟ್ಟುಕೊಂಡದ್ದು ಅದರ ವಿಶೇಷ. ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು. ನಡುವೆ ಬಿಟ್ಟುಹೋದವರು ಕಡಿಮೆ. ಶರೀರದ ಅಪಾಯವನ್ನು ಕಡೆಗಣಿಸಬಹುದೆಂದು ಇದರರ್ಥವಲ್ಲ. ಹೃದಯ, ಮೂಳೆ, ರಕ್ತದ ಲವಣಾಂಶಗಳ ಪರೀಕ್ಷೆ ನಡೆಯುತ್ತಲೇ ಇರಬೇಕು. ದೀರ್ಘಕಾಲ ಉಣ್ಣದವರಿಗೆ ಒಮ್ಮೆಲೇ ಉಣಿಸುವುದೂ ಪ್ರಾಣಾಂತಿಕವಾಗಬಲ್ಲುದಾದ್ದರಿಂದ ವೈದ್ಯರ ನಿಗಾ ಬೇಕೇಬೇಕು.

ಅಮೆರಿಕದ ಬೋಸ್ಟನ್ನಿನಿಂದ 2017ರಲ್ಲಿ ಬಂದ ವರದಿ ಇನ್ನೂ ಮಹತ್ತ್ವದ್ದು. ಸುಮಾರು ಒಂಬತ್ತು ವರ್ಷಗಳ ಬಳಿಕ ನೋಡಿದಾಗ ಅನೊರೆಕ್ಸಿಯಾದಿಂದ ಗುಣವಾಗಿದ್ದವರು ನೂರಕ್ಕೆ 31. ಇಪ್ಪತ್ತೆರಡು ವರ್ಷಗಳ ಬಳಿಕ ನೂರಕ್ಕೆ 63. ಹತ್ತನೆಯ ವರ್ಷದಲ್ಲಿ ಕೈಬಿಟ್ಟಿದ್ದರೆ ಎಷ್ಟು ಜೀವಗಳನ್ನು ಕೈಬಿಟ್ಟಂತಾಗುತ್ತಿತ್ತು!

ಆದರೂ 2022ರಲ್ಲಿ ಅಮೆರಿಕದ ಕೆಲವು ವೈದ್ಯರು ಈ ರೋಗಕ್ಕೂ ‘ಅಂತ್ಯಾವಸ್ಥೆ’ ಎಂಬುದೊಂದನ್ನು ಸೂಚಿಸಿದರು. ಅನೇಕ ವೈದ್ಯರೂ ಗುಣಹೊಂದಿದವರೂ ಅದನ್ನು ತೀವ್ರವಾಗಿ ವಿರೋಧಿಸಿದರು. ಜೈನರು ಈ ಚರ್ಚೆಯನ್ನು ವಿಶೇಷ ಎಚ್ಚರದಿಂದ ಕೇಳಬೇಕಾಗಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡುವವರೆಗೆ ಸಮಾಜ ಬೀದಿಗಿಳಿದು ವಾದಿಸಿತು. ಸಲ್ಲೇಖನ ಬೇರೆ, ರೋಗದ ಪ್ರೇರಣೆಯಿಂದ ಅನ್ನ ಬಿಡುವುದು ಬೇರೆ ಎಂಬುದು ಆ ವಾದದ ಜೀವಾಳ. ಹೊರಗಿನವರಿಗೆ ಹೇಳಿದ ಆ ಭೇದವನ್ನು ಮನೆಯೊಳಗೂ ಪಾಲಿಸಬೇಡವೇ?

ಭೇದ ಗುರುತಿಸುವುದು ಕೆಲವೊಮ್ಮೆ ಕಷ್ಟವಲ್ಲ. ವ್ರತಕ್ಕೆ ಸಂಕಲ್ಪವಿದೆ, ಅವಧಿಯಿದೆ, ಪಾರಣೆಯಿದೆ; ರೋಗಿಗೆ ಪಾರಣೆಯ ದಿನವೇ ಭಯದ ದಿನ. ಷೋಡಶಕಾರಣ ಭಾವನೆಗಳಲ್ಲಿ ಬರುವುದು ಶಕ್ತಿಗೆ ತಕ್ಕ ತಪಸ್ಸು. ಶಕ್ತಿಯುಡುಗಿದ ಮೈಗೆ ಮತ್ತಷ್ಟು ಉಪವಾಸವಲ್ಲ. ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಮಾಡಿದವರನ್ನು ಸನ್ಮಾನಿಸುವ ಬಸದಿಗಳ ಆಡಳಿತ ಮಂಡಳಿಗಳು, ಸಂಕಲ್ಪಕ್ಕೆ ಮುನ್ನ ಆರೋಗ್ಯ ವಿಚಾರಿಸುವ ಪದ್ಧತಿಯನ್ನು ಇಟ್ಟುಕೊಳ್ಳಬಹುದು. ವರ್ಷದಿಂದ ವರ್ಷಕ್ಕೆ ಕೃಶಳಾಗುತ್ತಿರುವ ಶ್ರಾವಿಕೆಯ ಕೊರಳಿಗೆ ಹಾರ ಹಾಕುವ ಮೊದಲು ಆಕೆಯ ಮನೆಯವರೊಡನೆ ಏಕಾಂತದಲ್ಲಿ ಮಾತನಾಡುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಮನೋವೈದ್ಯರ ನೆರವು ದೊರೆಯುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.